ಹಡಗಲಿಯ ಮಗಳು, ಹರಪನಹಳ್ಳಿಯ ಮತ



ತುಂಗಭದ್ರೆಯ ಬಲದಂಡೆಯಿಂದ ಹಿಡಿದು ದಕ್ಷಿಣಕ್ಕೆ ಉಚ್ಚಂಗಿದುರ್ಗದವರೆಗೂ, ಪೂರ್ವಕ್ಕೆ ಕರಡಿಗಳ ಬೀಡಾದ ಗುಡೇಕೋಟೆಯ ಬಂಡೆಗುಡ್ಡಗಳವರೆಗೂ ಹಬ್ಬಿಕೊಂಡಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳೆಂಬ ಐದು ತಾಲ್ಲೂಕುಗಳ ಸೀಮೆಯು ಮಳೆಯನ್ನು ನಂಬಿ ಬದುಕುವ, ಮಳೆ ಕೈಕೊಟ್ಟ ವರ್ಷ ಗುಳೆ ಹೊರಡುವ, ಆದರೂ ಮಾಘಮಾಸದಲ್ಲಿ ಕೊಟ್ಟೂರೇಶ್ವರನ ತೇರಿಗೂ ಮೈಲಾರಲಿಂಗನ ಕಾರ್ಣಿಕಕ್ಕೂ ತಪ್ಪದೆ ಬಂದು ಸೇರುವ ಜನರ ಸೀಮೆಯಾಗಿದೆ. ಇಲ್ಲಿ ಅಧಿಕಾರವೆಂಬುದು ಒಂದು ಕಾಲಕ್ಕೆ ಪಾಳೆಯಗಾರನ ಕೋಟೆಯಲ್ಲಿತ್ತು. ಆಮೇಲೆ ಕುಂಪಣಿಯ ಕಲೆಕ್ಟರನ ಕಛೇರಿಗೆ ಹೋಯಿತು. ಸ್ವಾತಂತ್ರ್ಯಾನಂತರ ಮತಪೆಟ್ಟಿಗೆಗೆ ಬಂದಿತು. ಈ ಮೂರು ಕಾಲಗಳಲ್ಲಿಯೂ ಹೆಣ್ಣಿನ ಪಾತ್ರವೇನು ಎಂದು ಕೇಳಿದರೆ, ಚಿತ್ರದುರ್ಗದ ಓಬವ್ವನ ತವರು ನಮ್ಮ ಗುಡೇಕೋಟೆಯೇ ಎಂದು ಕೂಡ್ಲಿಗಿಯ ಕಡೆಯವರು ಅಭಿಮಾನದಿಂದ ಹೇಳುತ್ತಾರೆ. ಆದರೆ ಓಬವ್ವ ಕೋಟೆಯನ್ನು ಕಾದವಳು, ಆಳಿದವಳಲ್ಲ. ಆಳುವ ಸ್ಥಾನಕ್ಕೆ ಈ ಸೀಮೆಯ ಹೆಣ್ಣೊಬ್ಬಳು ಬಂದ ವೃತ್ತಾಂತವನ್ನು, ಅದರ ಹಿಂದುಮುಂದುಗಳೊಡನೆ, ಈ ಸಂಜೆ ತಮ್ಮ ಮುಂದೆ ಇಡಬೇಕೆಂದಿದ್ದೇನೆ. 2023ರ ಮೇ ತಿಂಗಳಲ್ಲಿ ಹರಪನಹಳ್ಳಿಯಿಂದ ಪಕ್ಷೇತರರಾಗಿ ವಿಧಾನಸಭೆಗೆ ಆಯ್ಕೆಯಾದ ಶ್ರೀಮತಿ ಎಂ.ಪಿ. ಲತಾ ಮಲ್ಲಿಕಾರ್ಜುನ ಅವರ ವೃತ್ತಾಂತವದು.

ಹಿಂದಿನ ಕಥೆಯನ್ನು ಬಿಟ್ಟು ನೇರವಾಗಿ 2023ಕ್ಕೆ ಬಂದರೆ ಅದರ ಅರ್ಥ ಅರ್ಧವಾಗುತ್ತದೆ. ಈ ತಾಲ್ಲೂಕುಗಳು 1953ರ ಅಕ್ಟೋಬರಿನವರೆಗೆ ಮದರಾಸು ಪ್ರಾಂತ್ಯಕ್ಕೆ ಸೇರಿದ್ದುವು ಎಂಬುದು ಇಂದಿನ ತರುಣರಿಗೆ ಮರೆತುಹೋಗಿದೆ. ಇಡೀ ಭಾರತದಲ್ಲಿ ಸ್ತ್ರೀಯರಿಗೆ ಶಾಸನಸಭೆಯ ಮತಾಧಿಕಾರವನ್ನು ಮೊದಲು ಕೊಟ್ಟ ಪ್ರಾಂತ್ಯ ಮದರಾಸು. ಅದು ನಡೆದುದು 1921ರಲ್ಲಿ. ಆಸ್ತಿಯುಳ್ಳವರಿಗೆ ಮಾತ್ರ ಸಲ್ಲುತ್ತಿದ್ದ ಆ ಹಕ್ಕು ಹಡಗಲಿಯ ಹೂ ಕಟ್ಟುವ ಹೆಂಗಸಿನ ಹತ್ತಿರಕ್ಕೂ ಸುಳಿದಿರಲಿಲ್ಲವೆಂಬುದು ನಿಜ. ಆದರೂ ಬಾಗಿಲು ತೆರೆದುದು ಅಲ್ಲಿಯೇ. ಅದೇ ಶಾಸನಸಭೆಗೆ ಕೆಲವೇ ವರ್ಷಗಳಲ್ಲಿ ಬಂದು, ಉಪಾಧ್ಯಕ್ಷೆಯ ಪೀಠವನ್ನೂ ಏರಿದ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುವ ದೇವದಾಸಿ ಪದ್ಧತಿಯ ಮೇಲೆ ಎತ್ತಿದ ಪ್ರಶ್ನೆಗೆ ಆ ಸಭೆಯು ಪೂರ್ಣವಾದ ಉತ್ತರವನ್ನು ಕೊಟ್ಟುದು 1947ರಲ್ಲಿ, ಒಂದು ಶಾಸನದ ಮೂಲಕ. ಉಚ್ಚಂಗಿದುರ್ಗದ ಬೆಟ್ಟದ ಮೇಲೆ ಮುತ್ತು ಕಟ್ಟುವ ಪದ್ಧತಿಯನ್ನು ಬಲ್ಲವರಿಗೆ, ಕೂಡ್ಲಿಗಿ ಸೀಮೆಯ ಕೇರಿಗಳಲ್ಲಿ ಆ ಪದ್ಧತಿಯ ಫಲವನ್ನು ಉಂಡು ಮುದುಕಿಯರಾದ ತಾಯಂದಿರನ್ನು ಕಂಡವರಿಗೆ, ಆ ಶಾಸನ ದೂರದ ಮದರಾಸಿನದಾಗಿ ತೋರಲಾರದು. ಅದು ಸಾಲದೆ 1982ರಲ್ಲಿ ಕರ್ನಾಟಕದ ಶಾಸನಸಭೆಯೂ ಮತ್ತೊಂದು ಕಾಯಿದೆಯನ್ನು ಮಾಡಬೇಕಾಯಿತು. ಸಭೆಯಲ್ಲಿ ಒಬ್ಬ ಹೆಂಗಸು ಇದ್ದಾಳೆಯೋ ಇಲ್ಲವೋ ಎಂಬುದು ಬರಿಯ ಗೌರವದ ಮಾತಲ್ಲ. ಯಾವ ಪ್ರಶ್ನೆ ಸಭೆಯ ಮುಂದೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದೂ ಅದರಿಂದಲೇ ನಿರ್ಧಾರವಾಗುತ್ತದೆ.

ಬಳ್ಳಾರಿಯ ಲೋಕಸಭಾ ಕ್ಷೇತ್ರವು ಸ್ತ್ರೀಯರಿಗೆ ಅಪರಿಚಿತವಾದುದಲ್ಲ. 1984, 1989, 1991ರ ಮೂರು ಚುನಾವಣೆಗಳಲ್ಲಿಯೂ ಅಲ್ಲಿಂದ ಗೆದ್ದ ಬಸವರಾಜೇಶ್ವರಿಯವರು ಕೇಂದ್ರದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಮಂತ್ರಿಣಿಯಾಗಿದ್ದರು. ಅವರ ಕಾಲದ ಸಾವಧಾನದ ರಾಜಕಾರಣವನ್ನು ಜನ ಬೇಗ ಮರೆತರು. 1999ರ ಕೋಲಾಹಲವನ್ನು ಮಾತ್ರ ಮರೆತಿಲ್ಲ. 1968ರಲ್ಲಿ ಸೊಸೆಯಾಗಿ ಈ ದೇಶಕ್ಕೆ ಬಂದು, 1991ರಲ್ಲಿ ಪತಿಯನ್ನು ಕಳೆದುಕೊಂಡು, ಏಳು ವರ್ಷ ರಾಜಕಾರಣದಿಂದ ದೂರವಿದ್ದು, 1998ರಲ್ಲಿ ಕಾಂಗ್ರೆಸ್ ಪಕ್ಷದ ಅಧ್ಯಕ್ಷೆಯಾದ ಸೋನಿಯಾ ಗಾಂಧಿಯವರು ಮೊಟ್ಟಮೊದಲು ಲೋಕಸಭೆಗೆ ನಿಂತಾಗ ಅಮೇಠಿಯೊಡನೆ ಬಳ್ಳಾರಿಯನ್ನೂ ಆರಿಸಿಕೊಂಡರು; 1952ರಿಂದ ಒಮ್ಮೆಯೂ ಕಾಂಗ್ರೆಸ್ಸನ್ನು ಕೈಬಿಡದಿದ್ದ ಕ್ಷೇತ್ರವೆಂಬ ಧೈರ್ಯ ಅವರಿಗಿದ್ದಿರಬೇಕು. ಎದುರಾಳಿಯಾಗಿ ಬಂದಿಳಿದ ಸುಷ್ಮಾ ಸ್ವರಾಜ್ ಅವರು ಕೆಲವೇ ದಿನಗಳಲ್ಲಿ ಕನ್ನಡದಲ್ಲಿ ಭಾಷಣ ಮಾಡತೊಡಗಿದಾಗ, ಗಣಿಯ ಕೆಂಪು ಧೂಳಿನ ಊರುಗಳಲ್ಲಿ ಜನ ಕಿವಿಯನ್ನು ನಂಬಲಾರದೆ ನಿಂತು ಕೇಳಿದರು. ಸೋನಿಯಾ ಅವರು ಗೆದ್ದರು. ಅಂತರ 56,100 ಮತಗಳು. ಗೆದ್ದವರು ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಗೆ ರಾಜೀನಾಮೆಯಿತ್ತರು. ಸೋತವರು ವರಮಹಾಲಕ್ಷ್ಮಿಯ ಪೂಜೆಗೆಂದು ಅನೇಕ ವರ್ಷ ಬಳ್ಳಾರಿಗೆ ಬರುತ್ತಲೇ ಇದ್ದರು. ಆ ಒಂದು ಚುನಾವಣೆಯ ಬೀಜದಿಂದ ಬಳ್ಳಾರಿಯ ಮುಂದಿನ ರಾಜಕಾರಣದ ಎಷ್ಟು ಗಿಡಗಳು ಎದ್ದುವೆಂಬುದು ತಮಗೆ ತಿಳಿದೇ ಇದೆ. 2004ರಲ್ಲಿ ಅದೇ ಕ್ಷೇತ್ರವನ್ನು ಜಿ. ಕರುಣಾಕರ ರೆಡ್ಡಿಯವರು ಭಾರತೀಯ ಜನತಾ ಪಕ್ಷಕ್ಕೆ ಗೆದ್ದುಕೊಟ್ಟರು. ಈ ಹೆಸರನ್ನು ಶ್ರೋತೃಗಳು ನೆನಪಿನಲ್ಲಿಡಬೇಕು.

ಆದರೆ ದೆಹಲಿಯಿಂದ ಬಂದು ದೆಹಲಿಗೆ ಹಿಂದಿರುಗುವ ನಾಯಕಿಯರ ಮಾತು ಬೇರೆ, ಈ ನೆಲದಲ್ಲಿಯೇ ಬೆಳೆದು ಈ ನೆಲದ ಜಗಳ-ಮೈತ್ರಿಗಳ ನಡುವೆಯೇ ಅಧಿಕಾರಕ್ಕೆ ಬರುವವರ ಮಾತು ಬೇರೆ. ಲತಾ ಅವರ ಕಥೆ ಎರಡನೆಯ ಬಗೆಯದು. ಅದು ಅವರ ತಂದೆಯವರಿಂದ ಆರಂಭವಾಗುತ್ತದೆ.

ಎಂ.ಪಿ. ಪ್ರಕಾಶ್ ಅವರು ಹುಟ್ಟಿದುದು 1940ರಲ್ಲಿ, ನಾರಾಯಣದೇವರಕೆರೆಯಲ್ಲಿ. ತುಂಗಭದ್ರೆಗೆ ಅಣೆಕಟ್ಟು ಬಂದು ನೀರು ನಿಂತಾಗ ಆ ಊರು ಮುಳುಗಿತು. ಹುಟ್ಟಿದ ಊರನ್ನೇ ಕಳೆದುಕೊಂಡವನಿಗೆ ಹೂವಿನಹಡಗಲಿಯು ಊರಾಯಿತು. ಅಲ್ಲಿ ವಕೀಲಿ ಮಾಡುತ್ತ, ರಂಗಭಾರತಿಯೆಂಬ ಹವ್ಯಾಸಿ ನಾಟಕತಂಡವನ್ನು ಬೆಳೆಸುತ್ತ, ಪುಸ್ತಕಗಳನ್ನು ಓದುತ್ತ ಇದ್ದ ಈ ಮನುಷ್ಯ 1983ರ ಜನತಾ ಅಲೆಯಲ್ಲಿ ಶಾಸಕನಾಗಿ, ಮುಂದೆ ರಾಮಕೃಷ್ಣ ಹೆಗಡೆಯವರ ಬಳಗದ ಮಂತ್ರಿಯಾಗಿ, ಹಂಪಿ ಉತ್ಸವಕ್ಕೆ ಕಾರಣಪುರುಷನಾಗಿ, ಕೊನೆಗೆ ಉಪಮುಖ್ಯಮಂತ್ರಿಯ ಸ್ಥಾನದವರೆಗೂ ಹೋದನು. ರಾಜಕಾರಣಿಗಳಲ್ಲಿ ಸಾಹಿತಿಗಳ ಸಂಗವನ್ನು ಅಪೇಕ್ಷಿಸುವವರು ಅನೇಕರಿದ್ದಾರೆ. ಸಾಹಿತಿಗಳೇ ಸಂಗವನ್ನು ಅಪೇಕ್ಷಿಸುತ್ತಿದ್ದ ರಾಜಕಾರಣಿಗಳು ವಿರಳ. ಪ್ರಕಾಶ್ ಅವರು ಆ ವಿರಳರಲ್ಲಿ ಒಬ್ಬರೆಂದು ನಾನು ಹೇಳಿದರೆ ಅವರ ವಿರೋಧಿಗಳೂ ಒಪ್ಪಿಯಾರು. ಲತಾ ಅವರು ಬೆಳೆದುದು ಇಂಥ ತಂದೆಯ ಮನೆಯಲ್ಲಿ.

ಇನ್ನು ಮುಂದಿನ ಘಟ್ಟದಲ್ಲಿ ವ್ಯಕ್ತಿಗಳಿಗಿಂತ ಒಂದು ಸರ್ಕಾರಿ ಕಾಗದವು ಹೆಚ್ಚಿನ ಪಾತ್ರವನ್ನು ವಹಿಸಿತು. 2008ರ ಚುನಾವಣೆಗೆ ಮೊದಲು ಜಾರಿಗೆ ಬಂದ ಕ್ಷೇತ್ರಗಳ ಪುನರ್ವಿಂಗಡಣೆಯಲ್ಲಿ ಕೊಟ್ಟೂರು ಎಂಬ ವಿಧಾನಸಭಾ ಕ್ಷೇತ್ರವು ಅಳಿದು ಹಗರಿಬೊಮ್ಮನಹಳ್ಳಿಯು ಹುಟ್ಟಿತು. ಅದೂ ಹಡಗಲಿಯೂ ಪರಿಶಿಷ್ಟ ಜಾತಿಗೆ ಮೀಸಲಾದುವು. ಕೂಡ್ಲಿಗಿಯು ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ಅಲ್ಲಿಯವರೆಗೆ ಮೀಸಲಾಗಿದ್ದ ಹರಪನಹಳ್ಳಿಯು ಸಾಮಾನ್ಯ ಕ್ಷೇತ್ರವಾಯಿತು. ಶತಮಾನಗಳಿಂದ ಊರ ಹೊರಗಿದ್ದವರಿಗೆ ಈ ಮೀಸಲಾತಿಯಿಂದ ದೊರೆತ ಪ್ರಾತಿನಿಧ್ಯವು ನ್ಯಾಯವಾದುದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಅದರ ಒಂದು ಪರಿಣಾಮವೆಂದರೆ, ಈ ಸೀಮೆಯ ಇತರ ರಾಜಕೀಯ ಮನೆತನಗಳೆಲ್ಲ ಏಕಕಾಲದಲ್ಲಿ ಹರಪನಹಳ್ಳಿಯ ಕಡೆಗೆ ಮುಖ ಮಾಡಿದುವು. ಹಡಗಲಿಯನ್ನು ಬಿಟ್ಟು, ಕಾಂಗ್ರೆಸ್ಸನ್ನು ಸೇರಿ ಪ್ರಕಾಶ್ ಅವರು ಅಲ್ಲಿಗೆ ಹೋದರು. ಬಳ್ಳಾರಿಯಿಂದ ಕರುಣಾಕರ ರೆಡ್ಡಿಯವರೂ ಅಲ್ಲಿಗೆ ಬಂದರು. ಗಣಿಯ ವೈಭವ ಮುಗಿಲು ಮುಟ್ಟಿದ್ದ ಆ ವರ್ಷ ಪ್ರಕಾಶ್ ಅವರು ಸೋತರು. 2011ರ ಫೆಬ್ರವರಿಯಲ್ಲಿ ತೀರಿಕೊಂಡರು.

ಅವರ ಮಗ ಎಂ.ಪಿ. ರವೀಂದ್ರ ಅವರು 2013ರಲ್ಲಿ ಅದೇ ಕ್ಷೇತ್ರದಿಂದ ಗೆದ್ದರು. ಇಲ್ಲಿ ಹರಪನಹಳ್ಳಿಯ ಜನರ ಒಂದು ಬಹುಕಾಲದ ಸಂಕಟವನ್ನು ಹೇಳಬೇಕು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಈ ತಾಲ್ಲೂಕನ್ನು ಬಳ್ಳಾರಿಯಿಂದ ಬೇರ್ಪಡಿಸಿ ಅದಕ್ಕೆ ಸೇರಿಸಿದ್ದರು. ಮುಂದೆ ಸಂವಿಧಾನಕ್ಕೆ 371(ಜೆ) ವಿಧಿಯು ಸೇರಿ, ಹೈದರಾಬಾದ್ ಕರ್ನಾಟಕವೆಂದು ಆಗ ಕರೆಯುತ್ತಿದ್ದ ಆರು ಜಿಲ್ಲೆಗಳಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ವಿಶೇಷ ಮೀಸಲಾತಿ ದೊರೆತಾಗ, ಬಳ್ಳಾರಿಯ ಜೊತೆಗೇ ಒಣಗಿದ್ದ ಹರಪನಹಳ್ಳಿಯು ಕಾಗದದ ಮೇಲೆ ದಾವಣಗೆರೆಯದಾಗಿದ್ದುದರಿಂದ ಹೊರಗುಳಿಯಿತು. ಕೊಟ್ಟೂರಿನ ಹುಡುಗನಿಗೆ ಸಿಗುವ ವೈದ್ಯಕೀಯ ಸೀಟು ಕೆಲವೇ ಮೈಲಿ ಆಚೆಯ ಹರಪನಹಳ್ಳಿಯ ಹುಡುಗಿಗೆ ಸಿಗದೆಂದರೆ ತಾಯಿತಂದೆಗಳು ಸುಮ್ಮನಿರುವುದು ಹೇಗೆ? ಊರಿಗೆ ಊರೇ ಬೀದಿಗಿಳಿಯಿತು. ಆ ಹೋರಾಟಕ್ಕೆ ಸರ್ಕಾರದ ಮುಂದೆ ದನಿಯಾದವರಲ್ಲಿ ಶಾಸಕ ರವೀಂದ್ರರೂ ಒಬ್ಬರು. ಸೌಲಭ್ಯವೂ ಬಂದಿತು, 2018ರಲ್ಲಿ ತಾಲ್ಲೂಕು ಬಳ್ಳಾರಿಗೂ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯನ್ನು ಸೇರಿತು. ಆದರೆ 2018ರ ಚುನಾವಣೆಯಲ್ಲಿ ರವೀಂದ್ರರು ಸೋತರು. ಗೆದ್ದವರು ಮತ್ತೆ ಕರುಣಾಕರ ರೆಡ್ಡಿಯವರು. ಅದೇ ವರ್ಷದ ನವೆಂಬರಿನಲ್ಲಿ, ಇನ್ನೂ ಐವತ್ತು ತುಂಬದ ವಯಸ್ಸಿನಲ್ಲಿ, ರವೀಂದ್ರರು ತೀರಿಕೊಂಡರು.

ತಂದೆ ಇಲ್ಲ, ಅಣ್ಣತಮ್ಮಂದಿರ ಆಸರೆಯಿಲ್ಲ, ಮನೆತನಕ್ಕೆ ಆ ಕ್ಷೇತ್ರದಲ್ಲಿ ಮೂರರಲ್ಲಿ ಎರಡು ಸೋಲು; ಇಂಥ ಸ್ಥಿತಿಯಲ್ಲಿ ಮಗಳು ಮುಂದೆ ಬಂದಳು. ನಮ್ಮ ಸಮಾಜದಲ್ಲಿ ಗಂಡುಮಕ್ಕಳು ಇರುವವರೆಗೆ ತಂದೆಯ ಹೊಲದಂತೆ ತಂದೆಯ ಕ್ಷೇತ್ರವೂ ಅವರದೇ ಎಂದು ಎಲ್ಲರೂ ಭಾವಿಸುತ್ತಾರೆ. ಹೊಲದ ವಿಷಯದಲ್ಲಿ ಕಾಯಿದೆ ಬದಲಾದರೂ ಕ್ಷೇತ್ರದ ವಿಷಯದಲ್ಲಿ ರೂಢಿ ಬದಲಾಗಿಲ್ಲ. ಮಗಳ ಸರದಿ ಬರುವುದು ಸಾಮಾನ್ಯವಾಗಿ ಮರಣದ ನಂತರವೇ. ಈ ಕಠೋರವಾದ ಸತ್ಯವನ್ನು ಲತಾ ಅವರ ಕಥೆಯೂ ಮೀರಿಲ್ಲ. ಆದರೆ ಸರದಿ ಬಂದ ಮೇಲೆ ನಡೆದುದರಲ್ಲಿ ವಿಶೇಷವಿದೆ.

ಅವರು 2023ರ ಚುನಾವಣೆಗೆ ಕಾಂಗ್ರೆಸ್ಸಿನ ಟಿಕೆಟ್ಟನ್ನು ಅಪೇಕ್ಷಿಸಿದರು. ಪಕ್ಷವು ಬಿ ಫಾರಂ ಅನ್ನು ಬೇರೊಬ್ಬರಿಗೆ ಕೊಟ್ಟಿತು. ಟಿಕೆಟ್ ತಪ್ಪಿದವರು ಮಾಡುವುದೇನೆಂಬುದನ್ನು ನಾವೆಲ್ಲ ಕಂಡಿದ್ದೇವೆ: ಮೊದಲ ದಿನ ಬೆಂಬಲಿಗರ ಕೂಗಾಟ, ಎರಡನೆಯ ದಿನ ನಾಯಕರ ದೂರವಾಣಿ, ಮೂರನೆಯ ದಿನ ನಿಗಮ-ಮಂಡಲಿಯ ಭರವಸೆ, ನಾಲ್ಕನೆಯ ದಿನ ಮೌನ. ಲತಾ ಅವರು ಪಕ್ಷೇತರರಾಗಿ ನಾಮಪತ್ರ ಸಲ್ಲಿಸಿದರು. ರಾಜ್ಯದಲ್ಲಿ ಕಾಂಗ್ರೆಸ್ಸಿನ ಗಾಳಿ ಬಲವಾಗಿ ಬೀಸುತ್ತಿದ್ದ ಸಮಯದಲ್ಲಿ, ಕಾಂಗ್ರೆಸ್ಸಿನ ಕೈಗುರುತು ತಮಗಿಲ್ಲದೆ, ಎದುರಿನಲ್ಲಿ ಅದೇ ಗುರುತಿನ ಅಭ್ಯರ್ಥಿಯನ್ನೂ ಆ ಕ್ಷೇತ್ರದಲ್ಲಿ ಎರಡು ಬಾರಿ ಗೆದ್ದಿದ್ದ ಕರುಣಾಕರ ರೆಡ್ಡಿಯವರನ್ನೂ ಇಟ್ಟುಕೊಂಡು, ಮತದಾರರು ಅದುವರೆಗೆ ನೋಡದ ಒಂದು ಚಿಹ್ನೆಯನ್ನು ಹಳ್ಳಿಹಳ್ಳಿಗೂ ಪರಿಚಯಿಸಬೇಕಾದ ಕಷ್ಟವನ್ನು ಬಲ್ಲವರು ಬಲ್ಲರು. ಓದುಬರಹವಿಲ್ಲದ ವೃದ್ಧೆಯೊಬ್ಬಳು ಜೀವಮಾನವೆಲ್ಲ ಒಂದೇ ಗುರುತಿಗೆ ಮತ ಕೊಟ್ಟು ಬೆರಳಿಗೆ ಅದೇ ದಾರಿ ರೂಢಿಯಾಗಿರುವಾಗ, ಆ ಬೆರಳನ್ನು ಯಂತ್ರದ ಮೇಲೆ ಬೇರೊಂದು ಸಾಲಿಗೆ ಕರೆದೊಯ್ಯುವುದು ಭಾಷಣಗಳಿಂದ ಆಗುವ ಕೆಲಸವಲ್ಲ. ಮನೆಯ ಹೊಸ್ತಿಲಿಗೆ ಹೋಗಿ ಕೂತು ಹೇಳಬೇಕಾದ ಕೆಲಸ.

ಮೇ 13ರಂದು ಎಣಿಕೆ ಮುಗಿದಾಗ ಲತಾ ಅವರಿಗೆ 70,194 ಮತಗಳು, ಕರುಣಾಕರ ರೆಡ್ಡಿಯವರಿಗೆ 56,349 ಮತಗಳು ಬಂದಿದ್ದುವು, ಅಂತರ 13,845. ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ಮೂರನೆಯ ಸ್ಥಾನಕ್ಕೆ ಇಳಿದಿದ್ದರು. ಒಂದೇ ಪಾಳೆಯದ ಮತಗಳು ಎರಡಾಗಿ ಒಡೆದಾಗ ಲಾಭ ಎದುರಾಳಿಗಾಗುತ್ತದೆಂಬುದು ಚುನಾವಣೆಯ ಸಾಮಾನ್ಯ ಲೆಕ್ಕ. ಹರಪನಹಳ್ಳಿಯಲ್ಲಿ ಆ ಲೆಕ್ಕ ತಪ್ಪಿತು. 224 ಸ್ಥಾನಗಳ ಆ ಸಭೆಗೆ ಆರಿಸಿಬಂದ ಸ್ತ್ರೀಯರು ಹತ್ತೇ ಮಂದಿ, ಪಕ್ಷೇತರರು ಇಬ್ಬರೇ, ಎರಡು ಪಟ್ಟಿಗಳಲ್ಲಿಯೂ ಇದ್ದ ಹೆಸರು ಒಂದೇ.

ಗೆದ್ದ ಮರುದಿನವೇ ಅವರು ಕಾಂಗ್ರೆಸ್ಸಿಗೆ ಬೆಂಬಲವನ್ನು ಘೋಷಿಸಿದರು. ಇದನ್ನು ಕೆಲವರು ಆಕ್ಷೇಪಿಸಿದರು: ಟಿಕೆಟ್ ಕೊಡದ ಪಕ್ಷದೊಡನೆ ಮತ್ತೆ ಕೈಜೋಡಿಸುವುದಾದರೆ ಪಕ್ಷೇತರವೆಂಬುದಕ್ಕೆ ಏನರ್ಥ ಎಂದು. ಸ್ಪಷ್ಟ ಬಹುಮತವಿದ್ದ ಸರ್ಕಾರಕ್ಕೆ ಒಬ್ಬ ಪಕ್ಷೇತರನ ಬೆಂಬಲದಿಂದ ಹೆಚ್ಚಿನ ಲಾಭವೇನೂ ಇರಲಿಲ್ಲ. ಆದುದರಿಂದ ಇದನ್ನು ಚೌಕಾಶಿಯೆಂದು ಕರೆಯುವುದು ಕಷ್ಟ. ಕೆರೆಗಳಿಗೆ ನೀರು ತುಂಬಿಸುವುದಕ್ಕೂ ರಸ್ತೆಗೂ ಆಸ್ಪತ್ರೆಗೂ ಸರ್ಕಾರದ ಬಾಗಿಲನ್ನೇ ತಟ್ಟಬೇಕಾದ ಹಿಂದುಳಿದ ತಾಲ್ಲೂಕಿನ ಶಾಸಕಿ ವಿರೋಧದಲ್ಲಿ ಕುಳಿತು ಸಾಧಿಸುವುದೇನು ಎಂಬ ಪ್ರಶ್ನೆಗೂ ತೂಕವಿದೆ. ಆದರೂ, ನನ್ನ ಮಟ್ಟಿಗೆ ಹೇಳುವುದಾದರೆ, ಎಪ್ಪತ್ತು ಸಾವಿರ ಜನ ಪಕ್ಷದ ಗುರುತನ್ನು ಬದಿಗಿಟ್ಟು ಕೊಟ್ಟ ಮತಕ್ಕೆ ಕೆಲವು ದಿನಗಳ ಏಕಾಂತವಾದರೂ ಸಲ್ಲಬೇಕಿತ್ತು.

ಇನ್ನು ದೊಡ್ಡ ಆಕ್ಷೇಪಣೆ. ಇದು ವಂಶಪಾರಂಪರ್ಯದ ರಾಜಕಾರಣವಲ್ಲವೆ? ಪ್ರಕಾಶರ ಮಗಳಲ್ಲದಿದ್ದರೆ ಈಕೆಯನ್ನು ಕೇಳುವವರಾರು? ಈ ಮಾತಿನಲ್ಲಿ ಅರ್ಧ ಸತ್ಯವಿದೆ; ಆ ಅರ್ಧವನ್ನು ಮೊದಲು ಒಪ್ಪಿಬಿಡೋಣ. ತಂದೆಯ ಹೆಸರಿಲ್ಲದೆ ಆ ಎಪ್ಪತ್ತು ಸಾವಿರದ ಮೊದಲ ಹತ್ತು ಸಾವಿರವನ್ನು ಸಂಪಾದಿಸಲು ಯಾವ ಹೆಂಗಸಿಗಾದರೂ ಇಪ್ಪತ್ತು ವರ್ಷ ಬೇಕಾಗುತ್ತಿತ್ತು. ಆದರೆ ಹೆಸರೊಂದೇ ಗೆಲ್ಲಿಸುವುದಾಗಿದ್ದರೆ, ಆ ಹೆಸರನ್ನು ಗಳಿಸಿದ ತಂದೆಯೇ 2008ರಲ್ಲಿ ಅಲ್ಲಿ ಸೋಲಬಾರದಾಗಿತ್ತು. ಅದನ್ನು ಹೊತ್ತ ಮಗ, ಐದು ವರ್ಷ ಶಾಸಕನಾಗಿದ್ದು, ದೊಡ್ಡದೊಂದು ಹೋರಾಟ ಫಲಿಸುತ್ತಿದ್ದ ಹೊತ್ತಿನಲ್ಲೇ 2018ರಲ್ಲಿ ಸೋಲಬಾರದಾಗಿತ್ತು. ಅವರಿಬ್ಬರಿಗೂ ಪಕ್ಷದ ಗುರುತಿತ್ತು, ಪಕ್ಷದ ಹಣಬಲವಿತ್ತು, ಗಂಡಸರೆಂಬ ಅನುಕೂಲವೂ ಇತ್ತು. ಇವಾವುವೂ ಇಲ್ಲದವಳು ಗೆದ್ದಳು. ಹರಪನಹಳ್ಳಿಯ ಮತದಾರ ಮನೆತನಕ್ಕೆ ಮಣಿಯುವವನಲ್ಲ; ಅವನು 2008ರಲ್ಲಿ ಒಂದು ಬಗೆ, 2013ರಲ್ಲಿ ಒಂದು ಬಗೆ, 2018ರಲ್ಲಿ ಇನ್ನೊಂದು ಬಗೆಯಾಗಿ ತೀರ್ಪು ಕೊಟ್ಟವನು. 2023ರಲ್ಲಿ ಆತ ಪಕ್ಷಗಳೆರಡಕ್ಕೂ ಬೇಡವೆಂದು ಹೇಳಿದನು. ಟಿಕೆಟ್ ಹಂಚುವ ಸಮಿತಿಗಳು ಸ್ತ್ರೀ ಅಭ್ಯರ್ಥಿಗಳನ್ನು ನಿರಾಕರಿಸುವಾಗ ಸಾಮಾನ್ಯವಾಗಿ ಉಚ್ಚರಿಸುವ "ಗೆಲ್ಲುವ ಸಾಮರ್ಥ್ಯ" ಎಂಬ ಮಂತ್ರಕ್ಕೆ ಇದಕ್ಕಿಂತ ನೇರವಾದ ಉತ್ತರವನ್ನು ನಮ್ಮ ಸೀಮೆಯ ಯಾವ ಚುನಾವಣೆಯೂ ಕೊಟ್ಟಿಲ್ಲ.

ಅಲ್ಲಿಂದೀಚೆಗೆ ಸುತ್ತಮುತ್ತಣ ಕ್ಷೇತ್ರಗಳಲ್ಲಿ ಸ್ತ್ರೀಯರ ಹೆಸರುಗಳು ಹೆಚ್ಚಾಗಿವೆ. ಲೋಕಸಭೆಯ ಮಟ್ಟಿಗೆ ಹರಪನಹಳ್ಳಿಯು ದಾವಣಗೆರೆಗೆ ಸೇರಿದುದು. 2024ರಲ್ಲಿ ಅಲ್ಲಿ ಎರಡು ಪ್ರಧಾನ ಪಕ್ಷಗಳೂ ಸ್ತ್ರೀಯರನ್ನೇ ನಿಲ್ಲಿಸಿದುವು, ಡಾ. ಪ್ರಭಾ ಮಲ್ಲಿಕಾರ್ಜುನ್ ಅವರು ಗಾಯತ್ರಿ ಸಿದ್ದೇಶ್ವರ ಅವರ ಮೇಲೆ 26,094 ಮತಗಳಿಂದ ಗೆದ್ದರು. ಅದೇ ವರ್ಷ ಸಂಡೂರಿನ ಉಪಚುನಾವಣೆಯಲ್ಲಿ ಅನ್ನಪೂರ್ಣಾ ತುಕಾರಾಂ ಅವರು ಗೆದ್ದು ಶಾಸಕಿಯಾದರು. 2009ರಲ್ಲಿ ಬಳ್ಳಾರಿಯಿಂದ ಸಂಸದೆಯಾಗಿದ್ದ ಜೆ. ಶಾಂತಾ ಅವರನ್ನೂ ಇವರೊಡನೆ ಸೇರಿಸಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಒಬ್ಬರು ಆಗ ಮಂತ್ರಿಯಾಗಿದ್ದವರ ಪತ್ನಿ, ಒಬ್ಬರು ಆಗ ಸಂಸದರಾಗಿದ್ದವರ ಪತ್ನಿ, ಇನ್ನೊಬ್ಬರು 2024ರಲ್ಲಿ ಸಂಸದರಾದವರ ಪತ್ನಿ, ಮತ್ತೊಬ್ಬರು ನಾಯಕನ ತಂಗಿ. ಇವರಲ್ಲಿ ಯಾರ ಯೋಗ್ಯತೆಯನ್ನೂ ನಾನು ಅಲ್ಲಗಳೆಯುವುದಿಲ್ಲ. ನನ್ನ ಪ್ರಶ್ನೆ ಬೇರೆ: ಗಂಡನೂ ಅಣ್ಣನೂ ತಂದೆಯೂ ರಾಜಕಾರಣದಲ್ಲಿಲ್ಲದ ಹೆಂಗಸು ಈ ಐದು ತಾಲ್ಲೂಕುಗಳಲ್ಲಿ ಯಾವ ಮೆಟ್ಟಿಲಿನಿಂದ ಏರಬೇಕು?

ಮೆಟ್ಟಿಲು ಇಲ್ಲದಿಲ್ಲ. ಕರ್ನಾಟಕವು 1983ರ ಕಾಯಿದೆಯಿಂದಲೇ ಪಂಚಾಯಿತಿಗಳಲ್ಲಿ ಸ್ತ್ರೀಯರಿಗೆ ಶೇಕಡಾ 25 ಸ್ಥಾನಗಳನ್ನು ಮೀಸಲಿಟ್ಟು, 1987ರಲ್ಲಿ ಚುನಾವಣೆಯನ್ನೂ ನಡೆಸಿತು. ದೇಶವು 73ನೆಯ ತಿದ್ದುಪಡಿಯ ಮೂಲಕ ಮೂರನೆಯ ಒಂದು ಭಾಗವನ್ನು ಕೊಟ್ಟುದು ಆಮೇಲೆ, 1993ರಲ್ಲಿ. 2010ರಲ್ಲಿ ನಮ್ಮ ರಾಜ್ಯವು ಅದನ್ನು ಅರ್ಧಕ್ಕೆ ಏರಿಸಿತು. ಆ ಬಳಿಕ ಕೊಟ್ಟೂರಿನ, ಹಗರಿಬೊಮ್ಮನಹಳ್ಳಿಯ ಯಾವ ಗ್ರಾಮ ಪಂಚಾಯಿತಿಗೆ ಹೋದರೂ ಅರ್ಧದಷ್ಟು ಕುರ್ಚಿಗಳು ಹೆಣ್ಣುಮಕ್ಕಳವಾದುವು. ಕುರ್ಚಿಯ ಪಕ್ಕದಲ್ಲಿ ಅಧ್ಯಕ್ಷೆಯ ಗಂಡನೂ ಒಂದು ಕುರ್ಚಿ ಹಾಕಿಕೊಂಡು ಕೂರುವುದುಂಟು. ಅದನ್ನು ನೋಡಿ ನಗುವವರು, ಎರಡನೆಯ ಅವಧಿಯಲ್ಲಿ ಆ ಪಕ್ಕದ ಕುರ್ಚಿಯು ಹಲವೆಡೆ ಹೊರಗಿನ ಕಟ್ಟೆಗೆ ಹೋಗಿರುವುದನ್ನೂ ನೋಡಬೇಕು. ನರೇಗಾದ ಕೂಲಿಪಟ್ಟಿ, ಕುಡಿಯುವ ನೀರಿನ ಕೊಳವೆ, ಗುಳೆ ಹೋದವರ ಪಡಿತರ ಚೀಟಿ ಇವುಗಳ ಜಗಳಗಳಲ್ಲಿ ಪಳಗಿದ ಹೆಂಗಸಿಗೆ ಶಾಸನಸಭೆಯ ಜಗಳವು ಹೊಸತೇನೂ ಆಗಲಾರದು. 2023ರ ಸೆಪ್ಟೆಂಬರಿನಲ್ಲಿ ಲೋಕಸಭೆ-ವಿಧಾನಸಭೆಗಳಲ್ಲಿಯೂ ಮೂರನೆಯ ಒಂದು ಭಾಗವನ್ನು ಸ್ತ್ರೀಯರಿಗೆ ಮೀಸಲಿಡುವ 106ನೆಯ ತಿದ್ದುಪಡಿಗೆ ಸಂಸತ್ತು ಒಪ್ಪಿಗೆಯಿತ್ತಿತು. ಅದನ್ನು ಜನಗಣತಿಗೂ ಕ್ಷೇತ್ರಗಳ ಮರುವಿಂಗಡಣೆಗೂ ಕಟ್ಟಿಹಾಕಿ ಕೊಟ್ಟಿತು. 2008ರ ಮರುವಿಂಗಡಣೆಯು ಹಡಗಲಿಯ ಒಂದು ಮನೆತನವನ್ನು ಹರಪನಹಳ್ಳಿಗೆ ಕಳುಹಿಸಿದಂತೆ, ಮುಂದೆ ಬರುವುದು ಯಾರನ್ನು ಎಲ್ಲಿಗೆ ಕಳುಹಿಸುವುದೋ ತಿಳಿಯದು.

ಆದರೆ ಗ್ರಾಮ ಪಂಚಾಯಿತಿಗೂ ವಿಧಾನಸಭೆಗೂ ನಡುವೆ ಎರಡು ಮೆಟ್ಟಿಲುಗಳಿವೆ, ತಾಲ್ಲೂಕು ಪಂಚಾಯಿತಿ ಮತ್ತು ಜಿಲ್ಲಾ ಪಂಚಾಯಿತಿ. ಹಳ್ಳಿಯ ಹೆಂಗಸು ಹತ್ತಾರು ಊರುಗಳ ಮತವನ್ನು ಕೇಳಲು ಕಲಿಯುವುದು, ಅಧಿಕಾರಿಗಳ ಮುಂದೆ ಅಂದಾಜುಪಟ್ಟಿ ಹಿಡಿದು ವಾದಿಸಲು ಕಲಿಯುವುದು ಅಲ್ಲಿಯೇ. ಆ ಸಂಸ್ಥೆಗಳಿಗೆ ಕರ್ನಾಟಕದಲ್ಲಿ ಕಡೆಯ ಸಾರ್ವತ್ರಿಕ ಚುನಾವಣೆ ನಡೆದುದು 2016ರಲ್ಲಿ. ಅವುಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯ ಎಂದು ವರ್ಷದ ಮೇಲೆ ವರ್ಷ ಉರುಳಿದರೂ ಹೊಸ ಚುನಾವಣೆ ಬರಲಿಲ್ಲ, ಆಡಳಿತಾಧಿಕಾರಿಗಳೇ ನಡೆಸಿಕೊಂಡು ಬಂದರು. ಅದೇ 2021ರಲ್ಲಿ ಹುಟ್ಟಿದ ನಮ್ಮ ವಿಜಯನಗರ ಜಿಲ್ಲೆಯ ಪಂಚಾಯಿತಿಯಂತೂ ತನ್ನ ಮೊದಲ ಚುನಾವಣೆಯನ್ನೇ ಇನ್ನೂ ಕಾಣಬೇಕಾಗಿದೆ.